ಡಿಜೆಗೆ ಎಂತಹ ಲ್ಯಾಪ್‌ಟಾಪ್?

ಮದುವೆಯ ಆರತಕ್ಷತೆಗಳಲ್ಲಿ ಡಿಜೆಯಾಗಲು ಹೊರಟಿರುವ ತರುಣ ವಾಚಕರೊಬ್ಬರು, ತಾಯಿಯ ಚೀಟಿಹಣದಿಂದ ಎಂತಹ ಲ್ಯಾಪ್‌ಟಾಪ್ ಕೊಳ್ಳಲೆಂದು ಕೇಳಿದ್ದಾರೆ. ಅಂಗಡಿಯವರು ದುಬಾರಿಯಾದ ಗ್ರಾಫಿಕ್ಸ್ ಕಾರ್ಡನ್ನು ಬಹಳವಾಗಿ ಹೊಗಳಿದರಂತೆ. ಈ ಕೆಲಸಕ್ಕೆ ಅದು ಬಹುಮಟ್ಟಿಗೆ ಅಲಂಕಾರವೇ ಸರಿ.

ಮುಖ್ಯವಾದುದು ಪ್ರೊಸೆಸರ್. ಸಾಮಾನ್ಯವಾಗಿ ಧ್ವನಿಯು ಸೆಕೆಂಡಿಗೆ 44,100 ತುಣುಕುಗಳಾಗಿ ಹರಿಯುತ್ತದೆ. ಬಫರನ್ನು 256 ತುಣುಕುಗಳಿಗೆ ಇಟ್ಟರೆ, ಪ್ರತಿಯೊಂದು ಕಂತೂ 6 ಮಿಲಿಸೆಕೆಂಡಿನೊಳಗೆ ಸಿದ್ಧವಾಗತಕ್ಕದ್ದು. ತಪ್ಪಿತೋ, ಸ್ಪೀಕರಿನಲ್ಲಿ ‘ಚಟ್’ ಎಂಬ ಸದ್ದು, ಸಭೆಯ ಕಣ್ಣೆಲ್ಲ ನಿಮ್ಮ ಮೇಲೆ! ಬಫರನ್ನು ಹಿಗ್ಗಿಸಿದರೆ ಸದ್ದು ಅಡಗೀತು. ಆದರೆ ಕೈ ಒಂದೆಡೆ, ತಾಳ ಇನ್ನೊಂದೆಡೆ. ಹಾಡಿನಿಂದ ಗಾಯನವನ್ನು ಬೇರ್ಪಡಿಸುವ ಸ್ಟೆಮ್ಸ್ ಸೌಲಭ್ಯವು 2022ರಲ್ಲಿ ಸೆರಾಟೋ ತಂತ್ರಾಂಶಕ್ಕೂ ಬಂದಿತು. ಅದರ ಆಸೆಯಿದ್ದರೆ ಪ್ರೊಸೆಸರಿನಲ್ಲಿ ಜಿಪುಣತನ ಸಲ್ಲದು. ರ‍್ಯಾಮ್ 16 ಜಿಬಿ ಇರಲಿ.

ಐದು ನಿಮಿಷದ ವೇವ್ ಕಡತವೊಂದೇ ಸುಮಾರು 50 ಎಂಬಿ ನುಂಗುವುದರಿಂದ 512 ಜಿಬಿಯ ಎಸ್‌ಎಸ್‌ಡಿ ಹೆಚ್ಚೇನಲ್ಲ. ಯುಎಸ್‌ಬಿ ಕಿಂಡಿಗಳು ಎರಡಾದರೂ ಬೇಕು.

ಚಾರ್ಜರ್ ಕಳಚಿದೊಡನೆ ಅನೇಕ ಲ್ಯಾಪ್‌ಟಾಪುಗಳು ವೇಗವನ್ನು ತಗ್ಗಿಸಿಕೊಳ್ಳುತ್ತವೆ; ಆದ್ದರಿಂದ ಮಂಟಪದಲ್ಲಿ ಪ್ಲಗ್ಗಿನ ಬಳಿಯೇ ಸ್ಥಳ ಹಿಡಿಯಿರಿ. ಗ್ರಾಫಿಕ್ಸ್ ಕಾರ್ಡಿನಿಂದ ಉಳಿದ ಹಣ, ಧ್ವನಿಕಾರ್ಡನ್ನು ಒಡಲಲ್ಲಿಯೇ ಹೊಂದಿರುವ ಕಂಟ್ರೋಲರಿಗೆ ಒದಗೀತು.