ಒಂದು ಗೇಣು ಅನ್ನಲು ಇಂಗ್ಲಿಷ್ ಬೇಕೇ?

1991ರಲ್ಲಿ ಪಕ್ಕದ ಪುಟ್ಟಪರ್ತಿಯಲ್ಲಿ ದೊಡ್ಡಾಸ್ಪತ್ರೆ ಶುರುವಾದ ಮೇಲೆ ಪೆನುಕೊಂಡ ಸುತ್ತಿನ ಬಡವರಿಗೂ ಹೃದಯದ ಚಿಕಿತ್ಸೆ ಕೈಗೆಟುಕಿತು. ಅದು ಸಣ್ಣ ಉಪಕಾರವಲ್ಲ. ಇಲ್ಲಿ ನಾವು ಬರೆಯುತ್ತಿರುವುದು ಯಾವ ಆಸ್ಪತ್ರೆಯ ಮೇಲಿನ ದೂರೂ ಅಲ್ಲ. ನಮ್ಮ ಸಿಟ್ಟು ಒಂದು ಪುಟ್ಟ ಪುಸ್ತಕದ ಮೇಲೆ.

ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಕಂಪನಿಯ ಪುಸ್ತಕವೊಂದು ಸಿಗುತ್ತದೆ. ನಮ್ಮ ಶಾಲೆಗೆ "ಓದಿ ಹೇಳಿ ಸಾರ್" ಅಂತ ಮೊಮ್ಮಕ್ಕಳ ಕೈಲಿ ಬಂದವೆಲ್ಲ ಇಂಗ್ಲಿಷಿನವೇ. ನಮ್ಮ ಹಿರಿಯರು ತೆಲುಗನ್ನು ನೀರು ಕುಡಿದಂತೆ ಮಾತಾಡುತ್ತಾರೆ, ಆದರೆ ಓದಿದ್ದು ಕನ್ನಡದಲ್ಲಿ. ಡಾಕ್ಟರು ಬಾಯಲ್ಲಿ ಹೇಳಿರುತ್ತಾರಲ್ಲ ಎನ್ನಬಹುದು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ, ಬಿಲ್ಲು, ಮಾತ್ರೆ, ಬಸ್ಸಿನ ಚಿಂತೆಯ ನಡುವೆ ಕೇಳಿದ್ದು ಎಷ್ಟು ನೆನಪಿರುತ್ತೆ?

ಉಳಿದ ಜಾಗವನ್ನು ವಾಟ್ಸ್ಯಾಪ್ ತುಂಬುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಾತ ಮೊಬೈಲ್ ಟವರಿಗೆ ಹೆದರಿ ಸುತ್ತು ಹಾಕಿ ಹೊಲಕ್ಕೆ ಹೋಗುತ್ತಾರೆ. ಫೋನು ಮಾತ್ರ ಅಂಗಿಯ ಎಡಜೇಬಿನಲ್ಲಿ, ಯಂತ್ರದ ಹತ್ತಿರವೇ! ಅದರ ಮಡಚುವ ಕವರಿಗೆ ಆಯಸ್ಕಾಂತದ ಗುಂಡಿ ಬೇರೆ.

ನಿಜ ಸಂಗತಿ ಇದರ ತಿರುವುಮುರುವು. ದಾರಿ ಪಕ್ಕದ ಟವರಿನಿಂದ ನಡೆದುಹೋಗುವವರಿಗೆ ಭಯವಿಲ್ಲ. ಅಮೆರಿಕದಲ್ಲಿ 980 ಪೇಸ್‌ಮೇಕರ್ ರೋಗಿಗಳ ಮೇಲೆ 5,533 ಪರೀಕ್ಷೆ ನಡೆಸಿದ ವರದಿ 1997ರಲ್ಲೇ ಬಂದಿದೆ. ಫೋನನ್ನು ಯಂತ್ರದ ಮೇಲೇ ಹಿಡಿದಾಗ ತೊಂದರೆ ಕಂಡದ್ದುಂಟು. ಕಿವಿಗೆ ಹಿಡಿದು ಮಾತಾಡುವಾಗ ಅಪಾಯದ ತೊಂದರೆ ಒಂದೂ ಇರಲಿಲ್ಲ. ಆಮೇಲೆ ಬಂದ ಯಂತ್ರಗಳು ಹೊರಗಿನ ಅಲೆಗಳನ್ನು ಇನ್ನೂ ಚೆನ್ನಾಗಿ ತಡೆಯುತ್ತವೆ.

ಈಗ ಹೆಚ್ಚು ಯೋಚಿಸಬೇಕಾದದ್ದು ಆಯಸ್ಕಾಂತ. ಬಲವಾದ ಆಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಮಾತು ಕೇಳುವುದನ್ನು ಬಿಟ್ಟು ಒಂದೇ ಲಯದಲ್ಲಿ ಬಡಿಯತೊಡಗುತ್ತದೆ. ಷಾಕ್ ಕೊಟ್ಟು ಜೀವ ಉಳಿಸುವ ಐಸಿಡಿ ಯಂತ್ರ ಷಾಕ್ ಕೊಡುವುದನ್ನೇ ನಿಲ್ಲಿಸಬಹುದು. ಇದು ಯಂತ್ರದ ದೋಷವಲ್ಲ, ವೈದ್ಯರ ಅನುಕೂಲಕ್ಕೆಂದೇ ಮಾಡಿದ ಏರ್ಪಾಡು. ಆಯಸ್ಕಾಂತ ದೂರವಾದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಆದರೆ ಅದೇ ಗಳಿಗೆಯಲ್ಲಿ ಹೃದಯ ಲಯ ತಪ್ಪಿದರೆ? ಬೆನ್ನಿಗೆ ಆಯಸ್ಕಾಂತದ ಉಂಗುರವಿರುವ ಐಫೋನ್ 12 ಬಂದದ್ದು 2020ರಲ್ಲಿ. ಅದನ್ನು ಎದೆಗೆ ತಂದಾಗ ಐಸಿಡಿ ಸುಮ್ಮನಾದದ್ದನ್ನು ಅಲ್ಲಿನ ವೈದ್ಯರು 2021ರಲ್ಲಿ ವರದಿ ಮಾಡಿದರು. ಇಂಥ ಫೋನು, ಗಡಿಯಾರಗಳನ್ನು ಆರು ಇಂಚು ದೂರ ಇಡಿ ಎಂದು ಎಫ್‌ಡಿಎ ಅದೇ ವರ್ಷ ಹೇಳಿತು.

ಆರು ಇಂಚು! ಒಂದು ಗೇಣು ಅಂದರೆ ಸಾಕು, ಒಂದೆರಡು ಇಂಚು ಹೆಚ್ಚೇ ಸಿಗುತ್ತದೆ. ಕನ್ನಡದಲ್ಲಿ ವೈದ್ಯವಿಜ್ಞಾನ ಹೇಳಲಾಗದು ಎನ್ನುವವರು ದಯವಿಟ್ಟು ಕೈ ಚಾಚಿ ನೋಡಿಕೊಳ್ಳಲಿ.

ಐಸಿಯು ಮಾತೂ ಇದೇ. ಬಾಗಿಲಲ್ಲಿ "ಮೊಬೈಲ್ ನಿಷೇಧ" ಫಲಕ, ಒಳಗೆ ಬಂಧುಗಳ ವಿಡಿಯೋ ಕಾಲ್. ಕಾರಣ ಹೇಳದ ನಿಷೇಧಕ್ಕೆ ಯಾರು ಬೆಲೆ ಕೊಡುತ್ತಾರೆ? ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೊಬೈಲ್ ಸಂಕೇತಗಳಿಂದ 61 ಉಪಕರಣಗಳಲ್ಲಿ 26ಕ್ಕೆ ತೊಂದರೆಯಾಗಿತ್ತು, ವೆಂಟಿಲೇಟರೂ ಸೇರಿ. ಹೆಚ್ಚಿನವು ತೀರಾ ಹತ್ತಿರದಲ್ಲಿ. ಅವರ ಸಲಹೆ ಒಂದು ಮೀಟರ್, ಅಂದರೆ ಎರಡು ಮೊಳಕ್ಕೆ ಸ್ವಲ್ಪ ಮೇಲೆ. ಫಲಕದಲ್ಲಿ ಅಷ್ಟು ಬರೆಯಲು ಬಣ್ಣಕ್ಕೆ ಬರವೇ?

ಪುಸ್ತಕ ಕನ್ನಡದಲ್ಲೂ ತೆಲುಗಿನಲ್ಲೂ ಬರಬೇಕು. ಇಷ್ಟು ಬೆಲೆಯ ಯಂತ್ರ ಮಾರುವವರಿಗೆ ನಾಲ್ಕು ಪುಟದ ಅಚ್ಚು ಭಾರವಲ್ಲ. ನಾವು ಮೇಷ್ಟ್ರುಗಳೂ ಆಯಸ್ಕಾಂತದ ಪಾಠದಲ್ಲಿ ಕಬ್ಬಿಣದ ಪುಡಿ ಆಡಿಸಿ ಮುಗಿಸುವುದು ಬೇಡ, ತಾತನ ಜೇಬಿನ ಮಾತೂ ಬರಲಿ. ಅಲ್ಲಿಯವರೆಗೆ ನಮ್ಮ ಶಾಲೆಗೆ ಬರುವ ಪ್ರತಿ ಪುಸ್ತಕದೊಳಗೂ ಒಂದು ಚೀಟಿ ಅಂಟಿಸಿ ಕಳಿಸುತ್ತೇವೆ: "ಯಂತ್ರ ಎಡಕ್ಕಿದ್ದರೆ ಫೋನು ಬಲಗಿವಿಗೆ. ಅಂಗಿಯ ಜೇಬು ಬೇಡ. ಫೋನು, ಇಯರ್‌ಫೋನು, ಆಯಸ್ಕಾಂತದ ಕವರು ಯಂತ್ರದಿಂದ ಒಂದು ಗೇಣು ದೂರ. ವೈರಿಲ್ಲದ ಚಾರ್ಜರ್ ಒಂದಡಿಗಿಂತ ಆಚೆ. ತಲೆಸುತ್ತು ಬಂದರೆ ಫೋನು ದೂರ ಸರಿಸಿ, ಡಾಕ್ಟರಿಗೆ ಹೇಳಿ."