ಹಾಸ್ಟೆಲ್ ಮಕ್ಕಳ ಬಚ್ಚಲಿಗೆ ನಮ್ಮೂರ ಬಿಸಿಲು

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಬಂಧುಗಳೇ,

ಕುರಿಹಿಂಡಿನ ಹಿಂದೆ ಊರೂರು ಅಲೆಯುವವರ, ಮಗ್ಗದಲ್ಲಿ ಕುಳಿತು ರೇಷ್ಮೆ ಸೀರೆ ನೇಯುವವರ, ಮಳೆ ನಂಬಿ ಶೇಂಗಾ ಬಿತ್ತುವವರ ಮಕ್ಕಳು ಓದಿಗಾಗಿ ಮನೆ ಬಿಟ್ಟು ಹಾಸ್ಟೆಲು, ವಸತಿ ಶಾಲೆಗಳಲ್ಲಿದ್ದಾರೆ. ಧನುರ್ಮಾಸದ ಬೆಳಗಿನ ಜಾವ ತಣ್ಣೀರೇ ಗತಿಯಾದರೆ ಚಿಕ್ಕ ಮಕ್ಕಳು ಸ್ನಾನವನ್ನೇ ತಪ್ಪಿಸುತ್ತಾರೆ. ಹತ್ತಾರು ಮಕ್ಕಳು ಒತ್ತಾಗಿ ಮಲಗುವ ಕೋಣೆಯಲ್ಲಿ ಒಬ್ಬರ ಕಜ್ಜಿ ಬೇಗ ಎಲ್ಲರದಾಗುತ್ತದೆ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಬಿಸಿನೀರು ಎಷ್ಟು ಬೇಕೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಮಳೆಗೆ ಬರ, ಬಿಸಿಲಿಗಲ್ಲ. ಪಕ್ಕದ ಪಾವಗಡದಲ್ಲಿ ಇಂಥದೇ ಬಿಸಿಲಿನಿಂದ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಡೆಯುತ್ತಿದೆ. ಮಕ್ಕಳ ಸ್ನಾನಕ್ಕೆ ಅಷ್ಟು ದೊಡ್ಡ ವ್ಯವಸ್ಥೆಯೇನೂ ಬೇಡ. 60 ಡಿಗ್ರಿ ಕಾದ ಹತ್ತು ಲೀಟರ್ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಒಂದು ಮಗುವಿಗೆ ಒಂದು ಬಕೆಟ್ ಹದವಾದ ನೀರು ಸಿಗುತ್ತದೆ. ನೂರು ಮಕ್ಕಳಿಗೆ ಸಾವಿರ ಲೀಟರ್ ಕಾಯಿಸಿದರೆ ಸಾಕು. ಅಷ್ಟನ್ನು ಕರೆಂಟಿನಲ್ಲಿ ಕಾಯಿಸಲು ದಿನಕ್ಕೆ ಸುಮಾರು 40 ಯೂನಿಟ್ ಬೇಕು. ಒಲೆ ಹೂಡಿದರೆ ದಿನವೂ ಜಾಲಿ ಸೌದೆ, ಕಣ್ಣುರಿಸುವ ಹೊಗೆ. ಸೋಲಾರ್ ವಾಟರ್ ಹೀಟರಿನಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ. ಹಗಲು ಕಾದದ್ದು ಮರುದಿನ ನಸುಕಿಗೂ ಬಿಸಿಯಾಗಿಯೇ ಇರುತ್ತದೆ.

ಆದರೆ ನಮ್ಮ ನೆಲದ ಗುಣ ಮರೆತು ಕೂಡಿಸಿದ ಹೀಟರ್ ಬಹುಕಾಲ ಬಾಳದು. ಇಲ್ಲಿನ ಬೋರ್‌ವೆಲ್ ನೀರು ಗಡಸು. ಕಾದಾಗ ಅದರೊಳಗಿನ ಸುಣ್ಣ ಕೊಳವೆಗಳ ಒಳಮೈಗೆ ಹಕ್ಕಳೆಗಟ್ಟುತ್ತದೆ. ದಾರಿ ಕಟ್ಟಿಕೊಂಡ ಮೇಲೆ ಎಷ್ಟೇ ಬಿಸಿಲಿದ್ದರೂ ನಲ್ಲಿಯಲ್ಲಿ ತಣ್ಣೀರೇ. ಆದ್ದರಿಂದ ಖರೀದಿಗೆ ಮೊದಲು ನೀರಿನ ಪರೀಕ್ಷೆಯಾಗಲಿ. ಗಡಸು ನೀರಿಗೆಂದೇ ಮಾಡಿದ ಮಾದರಿಯನ್ನೋ, ಬಿಚ್ಚಿ ತೊಳೆಯಬಹುದಾದ ಗಾಜಿನ ಕೊಳವೆಗಳದ್ದನ್ನೋ ಆರಿಸಿ. ಇನ್ನೊಂದು ಎಚ್ಚರಿಕೆ: ಕಾಯಿಸಿದ ಮಾತ್ರಕ್ಕೆ ನೀರಿನ ಫ್ಲೋರೈಡ್ ಹೋಗುವುದಿಲ್ಲ. ಈ ನೀರು ಸ್ನಾನಕ್ಕೆ ಮಾತ್ರ, ಕುಡಿಯಲು ಬೇಡ.

ದಾನಿಗಳಲ್ಲಿ, ಎಣ್ಣೆ ಮಿಲ್ ಮಾಲೀಕರಲ್ಲಿ, ಸೀರೆ ವ್ಯಾಪಾರಿಗಳಲ್ಲಿ, ಇಲ್ಲೇ ಓದಿ ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳಲ್ಲಿ ಕೈಮುಗಿದು ಕೇಳುತ್ತೇನೆ: ಹೀಟರ್ ಕೊಡಿಸಿ, ಜೊತೆಗೆ ಐದು ವರ್ಷದ ನಿರ್ವಹಣೆಯ ಹಣವನ್ನೂ ತೆಗೆದಿಡಿ. ಹೊಸದು ಕೊಡಿಸಲು ಆಗದವರು ಕೆಟ್ಟು ನಿಂತ ಒಂದನ್ನು ರಿಪೇರಿ ಮಾಡಿಸಿ. ಅದೂ ಅಷ್ಟೇ ದೊಡ್ಡ ಉಪಕಾರ. ಗ್ರಾಮ ಪಂಚಾಯಿತಿ ಸದಸ್ಯರೇ, ಟ್ಯಾಂಕಿಗೆ ನೀರು ತಪ್ಪದಂತೆ ನೋಡಿಕೊಳ್ಳಿ. ಐಟಿಐ ಕಾಲೇಜಿನ ಗುರುಗಳೇ, ಪ್ಲಂಬಿಂಗ್ ಬಲ್ಲ ಹುಡುಗರನ್ನು ವರ್ಷಕ್ಕೊಮ್ಮೆ ಕೊಳವೆ ತೊಳೆಯಲು ಕಳಿಸಿ. ಅವರಿಗೆ ಕೂಲಿಯೂ ಸಿಗಲಿ, ಕಸುಬೂ ಕೈಗೂಡಲಿ. ವಾರ್ಡನ್ನರೇ, ಎಲ್ಲಿ ಏನು ಕೆಟ್ಟಿದೆ ಎಂದು ಮುಚ್ಚುಮರೆಯಿಲ್ಲದೆ ಬರೆದು ತಿಳಿಸಿ.

ಪೋಷಕರೇ, ಮುಂದಿನ ಸಲ ಮಗುವನ್ನು ನೋಡಲು ಹೋದಾಗ ಊಟ, ಪಾಠದ ಜೊತೆ ಬಚ್ಚಲನ್ನೂ ನೋಡಿ, ನಲ್ಲಿ ತಿರುಗಿಸಿ. ಬಿಸಿನೀರು ಬಾರದಿದ್ದರೆ ಅಲ್ಲೇ ಅರ್ಜಿ ಬರೆದು ಕೊಟ್ಟು ಬನ್ನಿ. ದೀಪಾವಳಿಯೊಳಗೆ ಹೀಟರ್ ಕೂಡಿಸುವ, ರಿಪೇರಿ ಮಾಡಿಸುವ ಕೆಲಸ ಮುಗಿದರೆ ಈ ಚಳಿಗಾಲಕ್ಕೇ ಮಕ್ಕಳಿಗೆ ಬಿಸಿನೀರು ಸಿಗುತ್ತದೆ. ದಯವಿಟ್ಟು ಈ ವಾರವೇ ನಿಮ್ಮೂರಿನ ಹಾಸ್ಟೆಲಿಗೆ ಒಮ್ಮೆ ಹೋಗಿ ಬನ್ನಿ.