ಕರುಳು ಕೆಡುವವರೆಗೆ ಕಾಯುವ ನೆರವು

ಮಲದಲ್ಲಿ ರಕ್ತ ಕಂಡರೆ ಮೈಸೂರು ಜಿಲ್ಲೆಯ ನಮ್ಮ ಹಳ್ಳಿಗಳಲ್ಲಿ ಅದು ಮೂಲವ್ಯಾಧಿ. ಭೇದಿ ನಿಲ್ಲದಿದ್ದರೆ ಆಮಶಂಕೆ. ಔಷಧಿ ಅಂಗಡಿಯ ನಾಲ್ಕು ಮಾತ್ರೆ, ನಾಟಿ ಮದ್ದು, ಪಥ್ಯ ಎಂದು ತಿಂಗಳುಗಳು ಉರುಳುತ್ತವೆ. ಅಂಥವರಲ್ಲಿ ಕೆಲವರಿಗೆ ಇರುವುದು ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ. ಮೈಯ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿಬಿದ್ದು ಹುಣ್ಣು ಮಾಡುವ ರೋಗವಿದು. ಪೂರ್ತಿ ವಾಸಿಯಾಗದು, ಹತೋಟಿಯಲ್ಲಿ ಇಡಬಹುದು. ಉಳ್ಳವರ, ಪಟ್ಟಣದವರ ಕಾಯಿಲೆ ಎಂಬ ನಂಬಿಕೆ ಬಹುಕಾಲ ಇತ್ತು. ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಂತೆ 2019ರಲ್ಲಿ ಭಾರತದಲ್ಲಿ ಸುಮಾರು 2.7 ಲಕ್ಷ ರೋಗಿಗಳಿದ್ದರು; 1990ಕ್ಕೆ ಹೋಲಿಸಿದರೆ ಇದು ಹೆಚ್ಚೂಕಡಿಮೆ ಎರಡು ಪಟ್ಟು.

ಬಡತನ ಅಡ್ಡ ಬರುವುದು ರೋಗಪತ್ತೆಯ ಹಂತದಲ್ಲೇ. ಖಚಿತವಾಗಲು ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿ ಆಗಬೇಕು, ಅದಕ್ಕೆ ಸಾಮಾನ್ಯವಾಗಿ ಮೈಸೂರಿಗೇ ಬರಬೇಕು. ಅದಕ್ಕೂ ಮುಂಚೆ ಲೀಟರುಗಟ್ಟಲೆ ಭೇದಿ ದ್ರಾವಣ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು. ಎಚ್.ಡಿ. ಕೋಟೆಯ ಹಾಡಿಯಲ್ಲಿ, ಮನೆಯಲ್ಲಿ ಶೌಚಾಲಯವಿಲ್ಲದ ಜೇನುಕುರುಬ ಹೆಣ್ಣುಮಗಳು ಇದನ್ನು ಮಾಡುವುದೆಲ್ಲಿ? ಆನೆ ಓಡಾಡುವ ಕಾಡಂಚಿನಲ್ಲಿ, ಕತ್ತಲಲ್ಲಿ, ಹತ್ತಾರು ಸಲ. ಬೆಳಗಾದರೆ ಐವತ್ತು ಕಿಲೊಮೀಟರ್ ಮೀರಿದ ಬಸ್ ಪ್ರಯಾಣ. 2023ರ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಚಿಂತೆ ತಪ್ಪಿತು, ನಿಜ. ನಡುದಾರಿಯಲ್ಲಿ ಅವಸರವಾದರೆ ಬಸ್ ನಿಲ್ಲಿಸಿ ಎನ್ನುವ ಸಂಕಟ ತಪ್ಪಿಲ್ಲ. ದೂರದ ರೋಗಿಗಳನ್ನು ಹಿಂದಿನ ದಿನವೇ ವಾರ್ಡಿಗೆ ಸೇರಿಸಿಕೊಂಡು ಅಲ್ಲೇ ಕರುಳು ಶುದ್ಧಿ ಮಾಡಿಸಿದರೆ ಆಗುವ ಖರ್ಚು ಒಂದು ಹಾಸಿಗೆಯದು ಮಾತ್ರ.

ಕ್ರೋನ್ಸ್ ಮತ್ತು ಕರುಳಿನ ಕ್ಷಯ ಒಂದನ್ನೊಂದು ಹೋಲುವುದು ಇನ್ನೊಂದು ತೊಡಕು. ಕ್ರೋನ್ಸ್ ಎಂದುಕೊಂಡು ಕ್ಷಯವಿದ್ದವರಿಗೆ ಸ್ಟಿರಾಯ್ಡ್ ಕೊಟ್ಟರೆ ಅಪಾಯ. ಹಾಗಾಗಿ ಅನುಮಾನವಿದ್ದಾಗ ವೈದ್ಯರು ಮೊದಲು ಕ್ಷಯದ ಮಾತ್ರೆ ಶುರುಮಾಡುವುದು ತಪ್ಪಲ್ಲ. ಎರಡು ಮೂರು ತಿಂಗಳ ಬಳಿಕ ಹುಣ್ಣು ಮಾಯುತ್ತಿದೆಯೇ ಎಂದು ಮತ್ತೆ ನೋಡಬೇಕು. ಆದರೆ ಅಷ್ಟರಲ್ಲಿ ಕೊಡಗಿನ ತೋಟಕ್ಕೆ ಕಾಫಿ ಕುಯ್ಯಲು ಹೋದವರು ಆ ದಿನಕ್ಕೆ ಸಿಗುವುದು ಕಷ್ಟ.

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹೊಲಗಳಲ್ಲಿ, ಕೆ.ಆರ್. ನಗರದ ಗದ್ದೆ ಬಯಲಲ್ಲಿ ಕೂಲಿಗೆ ನಿಂತವರಿಗೆ ಶೌಚಾಲಯ ಎಲ್ಲಿಂದ ಬರಬೇಕು? ದಿನಕ್ಕೆ ಎಂಟು ಹತ್ತು ಸಲ ಹೋಗಬೇಕಾದ ಹೆಣ್ಣಾಳು ಸಾಲು ಬಿಟ್ಟು ಏಳಲಾರದೆ ಉಣ್ಣುವುದನ್ನೇ ಬಿಡುತ್ತಾಳೆ. ಮೊದಲೇ ರಕ್ತ ಹೋಗುತ್ತಿರುವ ಮೈ ಅದು. ತಂಬಾಕು ಹದಗೊಳಿಸುವ ಬ್ಯಾರನ್ ಬೆಂಕಿ ಕಾಯುತ್ತ ಬೀಡಿ ಸೇದುವ ಗಂಡಾಳಿಗೆ ಕ್ರೋನ್ಸ್ ಇದ್ದರಂತೂ ಹೊಗೆ ರೋಗವನ್ನು ಉಲ್ಬಣಿಸುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಕೊಲೈಟಿಸ್ ರೋಗಿಯನ್ನು ಉಳಿಸುವುದಾದರೋ ದಿನಾ ಮನೆಯಲ್ಲಿ ನುಂಗುವ ಮೆಸಲಮಿನ್. ದಿನಕ್ಕೆ 2.4 ಗ್ರಾಂ ಎಂದರೂ ಅಂಗಡಿ ದರದಲ್ಲಿ ತಿಂಗಳಿಗೆ ಸಾವಿರ ರೂಪಾಯಿ ದಾಟುವುದು ಸುಲಭ. ದುಡ್ಡಿಲ್ಲದ ತಿಂಗಳು ಮಾತ್ರೆ ನಿಲ್ಲುತ್ತದೆ, ರೋಗ ಕೆರಳುತ್ತದೆ, ಅಗ್ಗದ ಸ್ಟಿರಾಯ್ಡ್ ಅದನ್ನು ಅದುಮುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಕೊನೆಗೆ ದೊಡ್ಡ ಕರುಳನ್ನೇ ತೆಗೆಯುವ ಹೊತ್ತು ಬಂದಾಗ ಆಯುಷ್ಮಾನ್ ಕಾರ್ಡು ಕೆಲಸಕ್ಕೆ ಬರುತ್ತದೆ. ಮಾತ್ರೆಗೆ ಹಿಂದೆ ಸರಿದ ಸರ್ಕಾರ ಶಸ್ತ್ರಚಿಕಿತ್ಸೆಗೆ ಕೈಬಿಚ್ಚುವ ಈ ಲೆಕ್ಕ ಖಜಾನೆಗೂ ಲಾಭದ್ದಲ್ಲ.

ವೈದ್ಯರ ಭೇಟಿಯೂ ಆಸ್ಪತ್ರೆವಾಸವೂ ಉಚಿತವಿರುವ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲೂ, ಇದೇ ರೋಗದ ಬಡವರು ಹೆಚ್ಚು ಆಸ್ಪತ್ರೆ ಸೇರುತ್ತಾರೆ, ಹೆಚ್ಚು ಸಾಯುತ್ತಾರೆ ಎಂದು ಅಧ್ಯಯನ ತೋರಿಸಿದೆ. ಅಲ್ಲೇ ಹೀಗಾದರೆ ಹಾಡಿಯ ಮಾತೇನು?

ಮೆಸಲಮಿನ್ ಕೇಂದ್ರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಮೈಸೂರಿನ ತಜ್ಞರು ಬರೆದ ಚೀಟಿಗೆ, ಬಿಪಿ ಮಾತ್ರೆ ಕೊಡುವ ಹಾಗೆ, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಈ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳ ಔಷಧ ಕೌಂಟರಿನಲ್ಲಿ ಒಂದೊಂದು ತಿಂಗಳ ಮಾತ್ರೆ ಕೊಡಲು ಹೊಸ ಯೋಜನೆ ಘೋಷಿಸಬೇಕಿಲ್ಲ. ಖರೀದಿಯ ಬೇಡಿಕೆ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು.